ಸುಲೋಚನಾರನ್ನ ಮುಗಿಸಿದ್ದು ಟಾಕಿಯೇನಾ?

ರೀಲುಸುತ್ತಿ:
ಸುಲೋಚನಾ ಬಗ್ಗೆ ಎಲ್ಲಿ ಓದಿದರೂ ಅದೇ ರಾಗ. ಮೂಕಿ (ಮಾತಿಲ್ಲದ ಸಿನಿಮಾ) ಕಾಲದ ರಾಣಿ, ಟಾಕಿ (ಮಾತಿನ ಸಿನಿಮಾ) ಬಂತು, ಹಿಂದೂಸ್ತಾನಿ ನಾಲಿಗೆಗೆ ಹತ್ತಲಿಲ್ಲ, ಅಲ್ಲಿಗೆ ಮುಗೀತು. ಇಸವಿಗಳನ್ನ ಸಾಲಾಗಿ ಇಟ್ಟು ನೋಡಿದರೆ ಈ ಕಥೆ ನಿಲ್ಲೋದಿಲ್ಲ ಅನ್ನೋದು ನನ್ನ ವಾದ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಿಜವಾದ ಹೆಸರು ರೂಬಿ ಮೈಯರ್ಸ್. ಹುಟ್ಟಿದ್ದು 1907ರಲ್ಲಿ, ಪುಣೆಯಲ್ಲಿ, ಬಾಗ್ದಾದಿ ಯಹೂದಿ ಮನೆತನದಲ್ಲಿ. ಟೆಲಿಫೋನ್ ಆಪರೇಟರ್ ಆಗಿದ್ದವರನ್ನ ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದರು. ಮೊದಲು ಒಲ್ಲೆ ಅಂದರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚೋ ಕಾಲ ಅದಲ್ಲ. ಭವನಾನಿ ಬೆನ್ನು ಬಿಡಲಿಲ್ಲ. 1925ರಲ್ಲಿ 'ವೀರಬಾಲಾ'. ಮರುವರ್ಷ 'ಟೈಪಿಸ್ಟ್ ಗರ್ಲ್', 'ಸಿನಿಮಾ ಕ್ವೀನ್', 'ಟೆಲಿಫೋನ್ ಗರ್ಲ್'. ಹೌದು, ನಿನ್ನೆವರೆಗೂ ಎಕ್ಸ್‌ಚೇಂಜಿನಲ್ಲಿ ಕೂತಿದ್ದವರೇ ಪರದೆ ಮೇಲೂ ಟೆಲಿಫೋನ್ ಹುಡುಗಿ! 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಎಂಟು ವೇಷ. ತೋಟದ ಮಾಲಿ, ಪೊಲೀಸಿನವನು, ಹೈದರಾಬಾದಿನ ಸಾಹೇಬ, ಬೀದಿ ಹುಡುಗ, ಬಾಳೆಹಣ್ಣು ಮಾರೋನು, ಹೊಂಬಣ್ಣದ ಕೂದಲಿನ ಯುರೋಪಿನ ಹೆಂಗಸು, ಎಲ್ಲ ಅವರೇ. ಆಮೇಲೆ ಇಂಪೀರಿಯಲ್ ಕಂಪನಿಯಲ್ಲಿ 'ಅನಾರ್ಕಲಿ' ಮತ್ತು 'ಮಾಧುರಿ' (1928), 'ಇಂದಿರಾ ಬಿ.ಎ.' (1929).

ಈಗ ಟಾಕಿ ಕಾಲಕ್ಕೆ ಬನ್ನಿ. 1931ರ ಮಾರ್ಚ್ 14ಕ್ಕೆ ನಮ್ಮ ದೇಶದ ಮೊದಲ ಟಾಕಿ 'ಆಲಂ ಆರಾ' ಬಿಡುಗಡೆ. ಅದೇ ಇಂಪೀರಿಯಲ್ ಕಂಪನಿ, ಅದರ ಒಡೆಯ ಅರ್ದೇಶಿರ್ ಇರಾನಿಯವರದ್ದೇ ನಿರ್ದೇಶನ. ಆದರೆ ನಾಯಕಿ ಜುಬೇದಾ. ಸುಲೋಚನಾ ಒಂದು ವರ್ಷ ಸುಮ್ಮನೆ ಕೂತು ಹಿಂದೂಸ್ತಾನಿ ಕಲಿತರು. 1932ರಲ್ಲಿ ಟಾಕಿ 'ಮಾಧುರಿ', 1934ರಲ್ಲಿ 'ಇಂದಿರಾ ಎಂ.ಎ.', 1935ರಲ್ಲಿ ಮತ್ತೆ 'ಅನಾರ್ಕಲಿ', 1936ರಲ್ಲಿ 'ಬಂಬೈ ಕೀ ಬಿಲ್ಲಿ'. ಟಾಕಿ ಬಂದು ಐದು ವರ್ಷವಾದರೂ ಹೆಸರು ಇನ್ನೂ ಮೇಲೇ ಇದೆ. ಮುಗಿದವರ ಲೆಕ್ಕ ಹೀಗಿರುತ್ತಾ?

ಧಾರವಾಡದಾಂವ:
ಒಂದ್ ನಿಮಿಷ ತಡೀರಿ ಸರ. ಹಿಂದಿ ಪಿಕ್ಚರ್‌ನಾಗ ತಾಯಿ ಪಾರ್ಟ್ ಮಾಡತಿದ್ರಲ್ಲ, ಆ ಸುಲೋಚನಾ ಬಾಯಿ ಏನ್ರಿ ಇವರು? ಅವರು ನಮ್ಮ ಕಡಿಯವರು ಅಂತ ಕೇಳಿದ್ದೆ.

ಗಿರಗಾಂವ್ ವಾಸಿ:
@ಧಾರವಾಡದಾಂವ ಅಲ್ಲ ರೀ. ನೀವು ಹೇಳೋದು ಸುಲೋಚನಾ ಲಾಟ್ಕರ್. ಮರಾಠಿ ಚಿತ್ರರಂಗದವರು, ಆಮೇಲೆ ಹಿಂದಿಯಲ್ಲಿ ಎಲ್ಲರಿಗೂ ತಾಯಿ. ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಖಡಕಲಾಟದಲ್ಲಿ, ಹಾಗಾಗಿ ನಿಮ್ಮ ಕಡೆಯವರು ಅನ್ನೋದು ಸರಿಯೇ. ಇಲ್ಲಿ ಮಾತಾಡ್ತಿರೋದು ಅವರಿಗಿಂತ ಒಂದು ತಲೆಮಾರು ಹಿಂದಿನವರ ಬಗ್ಗೆ. ಹೆಸರು ಒಂದೇ ಆಗಿರೋದರಿಂದ ಅಂತರ್ಜಾಲದಲ್ಲಿ ಇವರ ಫೋಟೋ ಅವರಿಗೆ, ಅವರ ಫೋಟೋ ಇವರಿಗೆ ಅಂಟಿಸ್ತಾನೇ ಇರ್ತಾರೆ.

ಸಂಶಯ ಶಾಸ್ತ್ರಿ:
ರೀಲುಸುತ್ತಿಯವರೇ, ನೀವು ಕೊಟ್ಟ ಪಟ್ಟಿಯೇ ನಿಮ್ಮ ವಾದವನ್ನ ಕೆಡವ್ತಾ ಇದೆ ಅಲ್ವಾ? ಟಾಕಿಯಲ್ಲಿ ಬಂದ ನಾಲ್ಕೂ ಹಳೇ ಮೂಕಿಗಳೇ. ಮಾಧುರಿ ಮತ್ತೆ ಮಾಧುರಿ, ಅನಾರ್ಕಲಿ ಮತ್ತೆ ಅನಾರ್ಕಲಿ, ವೈಲ್ಡ್‌ಕ್ಯಾಟ್ ಹೋಗಿ ಬಿಲ್ಲಿ. ಇಂದಿರಾಗೆ ಒಂದು ಡಿಗ್ರಿ ಜಾಸ್ತಿ ಕೊಟ್ಟಿದ್ದೊಂದೇ ಹೊಸದು. ಹೊಸ ಪಾತ್ರ ಹುಟ್ಟಲಿಲ್ಲ ಅಂದಮೇಲೆ ಆ ತಾರೆ ಹಳೇ ಹೆಸರಿನ ಬಡ್ಡಿಯಲ್ಲಿ ಬದುಕ್ತಿದ್ದರು ಅಂತಲೇ ಅರ್ಥ.

ರೀಲುಸುತ್ತಿ:
@ಸಂಶಯ ಶಾಸ್ತ್ರಿ ಮೊದಲರ್ಧ ಒಪ್ಪಿದೆ. ಆದರೆ ಅದು ಆ ಕಾಲದ ರೂಢಿ ರೀ. ರಂಜಿತ್ ಕಂಪನಿಯ ಗೋಹರ್ ಬಾಯಿಯನ್ನೇ ನೋಡಿ, 1927ರಲ್ಲಿ ಮೂಕಿ 'ಗುಣಸುಂದರಿ', 1934ರಲ್ಲಿ ಅದೇ ಹೆಸರಿನ ಟಾಕಿ. ಜನ ಒಮ್ಮೆ ದುಡ್ಡು ಕೊಟ್ಟು ನೋಡಿದ ಕಥೆಗೆ ಈ ಸಲ ಮಾತೂ ಹಾಡೂ ಸೇರಿದೆ ಅಂದರೆ ಮತ್ತೆ ಬರ್ತಾರೆ ಅನ್ನೋ ವ್ಯಾಪಾರ. ಯಂತ್ರ ಹೊಸದು, ಖರ್ಚು ಹೆಚ್ಚು, ಕಥೆಯಾದರೂ ಪರೀಕ್ಷೆ ಪಾಸಾಗಿರಲಿ ಅಂತ ಕಂಪನಿಯವರು ನೋಡ್ತಾರೆ. ಗೋಹರ್‌ಗೆ ಅದನ್ನ ಜಾಣತನ ಅಂತೀವಿ, ಸುಲೋಚನಾಗೆ ಮಾತ್ರ ಬಡ್ಡಿ ಅಂತೀವಿ.

ಗಿರಗಾಂವ್ ವಾಸಿ:
ಆಲಂ ಆರಾ ತೆರೆಕಂಡ ಮೆಜೆಸ್ಟಿಕ್ ನಾನು ವಾಸ ಇರೋ ಗಿರಗಾಂವ್‌ನಲ್ಲೇ ಇತ್ತು. ಈಗ ಆ ಥಿಯೇಟರ್ ಇಲ್ಲ. ಮೊದಲ ದಿನ ಜನ ಹೇಗೆ ನುಗ್ಗಿದರು, ಪೊಲೀಸರನ್ನ ಕರೆಸಿದರು, ನಾಲ್ಕಾಣೆ ಟಿಕೆಟ್ಟು ಬ್ಲ್ಯಾಕಿನಲ್ಲಿ ನಾಲ್ಕೈದು ರೂಪಾಯಿಗೆ ಹೋಯ್ತು ಅನ್ನೋ ಕಥೆಗಳು ಎಲ್ಲರಿಗೂ ಗೊತ್ತು. ನಾನು ಹೇಳಬೇಕಂತಿರೋದು ಶೂಟಿಂಗ್ ವಿಷಯ, ಯಾಕಂದರೆ ಮೂಕಿ ನಟಿಗೆ ಟಾಕಿ ಯಾಕೆ ಕಷ್ಟ ಅನ್ನೋದು ಅಲ್ಲಿದೆ.

ಮೂಕಿಯಲ್ಲಿ ಕ್ಯಾಮೆರಾ ತಿರುಗ್ತಿದ್ದಾಗಲೇ ನಿರ್ದೇಶಕ ಪಕ್ಕದಲ್ಲಿ ನಿಂತು "ಈಗ ತಿರುಗು, ಅವನ ಕಡೆ ನೋಡು, ಕಣ್ಣೀರು, ಕಣ್ಣೀರು!" ಅಂತ ಕೂಗಬಹುದಿತ್ತು. ಸುತ್ತ ಬಡಗಿ ಮೊಳೆ ಹೊಡೀತಿದ್ದರೂ ನಡೀತಿತ್ತು. ಟಾಕಿಯಲ್ಲಿ ಅದೆಲ್ಲ ಬಂದ್. ಇಂಪೀರಿಯಲ್ ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲೆಲ್ಲ ಗಾಡಿ ಓಡಾಟ. ಹಾಗಾಗಿ ಆಲಂ ಆರಾದ ಮಾತಿನ ದೃಶ್ಯಗಳನ್ನ ಬಹುಪಾಲು ನಡುರಾತ್ರಿ ದಾಟಿದ ಮೇಲೆ, ಗಾಡಿಗಳು ನಿಂತಾಗ ತೆಗೆದರು. ಮೈಕುಗಳನ್ನ ಕಣ್ಣಿಗೆ ಬೀಳದ ಹಾಗೆ ನಟರ ಹತ್ತಿರ ಅಲ್ಲಲ್ಲಿ ಬಚ್ಚಿಡ್ತಿದ್ದರು. ತನಾರ್ ಅನ್ನೋ ಯಂತ್ರದಲ್ಲಿ ಧ್ವನಿ, ಚಿತ್ರ ಎರಡೂ ಒಂದೇ ಫಿಲ್ಮಿನ ಮೇಲೆ ಬೀಳೋದು. ಒಂದು ಮಾತು ತೊದಲಿದರೆ ಆ ಮಾತಷ್ಟನ್ನೇ ಸರಿಮಾಡೋ ದಾರಿ ಇಲ್ಲ, ಇಡೀ ಶಾಟ್ ಮತ್ತೆ. ಈ ಸ್ಥಿತಿಯಲ್ಲಿ ಇರಾನಿಯವರು ನಾಲಿಗೆ ಪಳಗಿದವರನ್ನೇ ಹುಡುಕಿದ್ದು ಆಶ್ಚರ್ಯ ಅಲ್ಲ.

ಒಂಟಿಕೊಪ್ಪಲು:
ಭಾಷೆ ಅಂತ ಎಲ್ಲರೂ ಹೇಳ್ತಾರೆ, ಹಾಡು ಅಂತ ಯಾರೂ ಹೇಳೋದಿಲ್ಲ. ಆಲಂ ಆರಾದಲ್ಲಿ ಏಳು ಹಾಡು. ಮರುವರ್ಷ ಬಂದ ಮದನ್ ಕಂಪನಿಯ 'ಇಂದ್ರಸಭಾ'ದಲ್ಲಿ ಎಪ್ಪತ್ತರ ಹತ್ತಿರ! ಪ್ಲೇಬ್ಯಾಕ್ ಸರಿಯಾಗಿ ಬಳಕೆಗೆ ಬಂದಿದ್ದು 1935ರ ಸುಮಾರಿಗೆ, ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನಿಂದ. ಅಲ್ಲಿವರೆಗೆ ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು, ವಾದ್ಯದವರು ಫ್ರೇಮಿನ ಆಚೆ ಕೂತು ನುಡಿಸಬೇಕು. ಜಹನಾರಾ ಕಜ್ಜನ್ ಥರದ ರಂಗಭೂಮಿ ಹಾಡುಗಾರ್ತಿಯರಿಗೆ ಬೆಲೆ ಬಂದಿದ್ದೇ ಅದರಿಂದ. ಓಡೋದು, ಕುದುರೆ ಹತ್ತೋದು, ಕಣ್ಣಲ್ಲೇ ಮಾತಾಡೋದು, ಹೀಗೆ ಮೂಕಿಯಲ್ಲಿ ಮೆರೆದವರ ಬಂಡವಾಳ ಒಮ್ಮೆಗೇ ಎರಡನೇ ಸಾಲಿಗೆ ಹೋಯ್ತು.

ನಮ್ಮಲ್ಲೇ ನೋಡಿ. 1934ರ ಮಾರ್ಚ್ 3ಕ್ಕೆ ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'. (ಹೆಸರು ನೋಡಿ ಗಲಿಬಿಲಿ ಬೇಡ, ಇದು ಇಂದ್ರಜಿತುವಿನ ಹೆಂಡತಿ ಸುಲೋಚನ.) ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ, ಲಕ್ಷ್ಮೀಬಾಯಿ. ಕಂಪನಿ ನಾಟಕದಲ್ಲಿ ಪಳಗಿದ ಕಂಠಗಳು. ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ಅವರೂ ನಾಟಕದವರೇ. ಬೆಂಗಳೂರಲ್ಲಿ ಧ್ವನಿಯ ಸ್ಟುಡಿಯೋ ಇಲ್ಲ ಅಂತ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತೆಗೆದರು. ಕನ್ನಡದಲ್ಲಿ ಟಾಕಿ ಬಂದಾಗ ಕೆಳಗೆ ಬೀಳೋಕೆ ಸುಲೋಚನಾ ಅಷ್ಟು ಎತ್ತರದ ಮೂಕಿ ತಾರೆ ಯಾರೂ ಇರಲಿಲ್ಲ. ಹಾಗಾಗಿ ನಮಗೆ ಬೊಂಬಾಯಿಯವರ ಆ ಸಂಕಟ ಅಷ್ಟಾಗಿ ಅರ್ಥ ಆಗೋದಿಲ್ಲ.

ಕುಡ್ಲದ ಕಿಟ್ಟಣ್ಣ:
ಮೂಕಿ ಅಂತ ಹೇಳುವಾಗ ಒಂದು ಸಂಗತಿ ಬಿಟ್ಟೇಬಿಟ್ಟಿರಲ್ಲ ಮಾರಾಯ್ರೆ! ಸುಲೋಚನಾರನ್ನ ಟೆಲಿಫೋನ್ ಬೋರ್ಡಿನಿಂದ ಎಬ್ಬಿಸಿಕೊಂಡು ಹೋದ ಅದೇ ಮೋಹನ್ ಭವನಾನಿ, 1931ರ 'ಮೃಚ್ಛಕಟಿಕ' ಮೂಕಿಯನ್ನ ನಮ್ಮವರನ್ನ ಹಾಕಿಕೊಂಡು ಮಾಡಿದ್ದು. ಕೈಲಾಸಂ ಇದ್ದರು, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಏಣಾಕ್ಷಿ ರಾಮರಾವ್ ಇದ್ದರು. ಏಣಾಕ್ಷಿ ಅದಕ್ಕೆ ಮೊದಲೇ 'ಶಿರಾಜ್'ನಲ್ಲಿ ಮಾಡಿದವರು, ಮುಂದೆ ಭವನಾನಿಯವರನ್ನೇ ಮದುವೆಯಾದರು. ಐದಾರು ವರ್ಷ ಮೊದಲು ಒಳ್ಳೆ ಮನೆಯ ಹುಡುಗಿಯರು ಸಿಗುವುದಿಲ್ಲ ಅಂತ ಟೆಲಿಫೋನ್ ಆಪೀಸಿಗೆ ಹೋಗಿದ್ದ ಮನುಷ್ಯನಿಗೆ ಈಗ ಓದಿದ ಮನೆಯವರೇ ಬಂದು ನಟಿಸಿದ್ದು ಉಂಟಲ್ಲ, ಕಾಲ ಎಷ್ಟು ಬೇಗ ತಿರುಗಿತು ನೋಡಿ.

ರೀಲುಸುತ್ತಿ:
@ಕುಡ್ಲದ ಕಿಟ್ಟಣ್ಣ ಚೆನ್ನಾಗಿ ನೆನಪು ಮಾಡಿದಿರಿ. ಅದಕ್ಕೇ ಹೆಸರಿನ ಮಾತೂ ಸೇರಿಸ್ತೀನಿ. 1913ರಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ತಾರಾಮತಿ ಒಬ್ಬ ಗಂಡಸು, ಅಣ್ಣಾ ಸಾಳುಂಕೆ. ಹೋಟೆಲಿನ ಅಡುಗೆ ಕೆಲಸದಿಂದ ಬಂದವರು. ಇಪ್ಪತ್ತರ ದಶಕದಲ್ಲಿ ಆ ಖಾಲಿ ಜಾಗಕ್ಕೆ ಬಂದವರಲ್ಲಿ ಯಹೂದಿ, ಆಂಗ್ಲೋ ಇಂಡಿಯನ್ ಹುಡುಗಿಯರು ಬಹಳ. ರೆನೀ ಸ್ಮಿತ್ ಸೀತಾದೇವಿ ಆದರು, ಐರಿಸ್ ಗ್ಯಾಸ್ಪರ್ ಸವಿತಾದೇವಿ ಆದರು. ಪರದೆ ಮೇಲೆ ತುಟಿ ಅಲ್ಲಾಡಿದರೆ ಸಾಕು, ನಡುನಡುವೆ ಗುಜರಾತಿ, ಉರ್ದು, ಹಿಂದಿ, ಇಂಗ್ಲಿಷ್ ಬರಹ. ಓದು ಬಾರದವರಿಗೆ ಒಬ್ಬ ನಿಂತು ಗಟ್ಟಿಯಾಗಿ ಕಥೆ ಹೇಳ್ತಿದ್ದ. ರೂಬಿ ಮೈಯರ್ಸ್ ಯಾವ ಭಾಷೆಯವರು ಅನ್ನೋದು ಯಾರಿಗೂ ಬೇಕಿರಲಿಲ್ಲ, ಮದರಾಸಿನಲ್ಲೂ ಅವರು ನಾಯಕಿಯೇ. ಟಾಕಿ ಆ ಮಾರುಕಟ್ಟೆಯನ್ನ ಭಾಷೆಗೊಂದು ಚೂರಾಗಿ ಕುಯ್ದುಬಿಟ್ಟಿತು. ಹಿಂದೂಸ್ತಾನಿ ಕಲಿತರೂ ಅವರಿಗೆ ಮತ್ತೆ ಸಿಗೋದು ಅದರಲ್ಲಿ ಒಂದು ಚೂರು. ಇದನ್ನ ನಾನು ಅವರ ಸೋಲು ಅನ್ನೋದಿಲ್ಲ.

ಲೆಕ್ಕದ ಪುಸ್ತಕ:
ನನ್ನದೊಂದು ಸಣ್ಣ ತಕರಾರು. ಸುಲೋಚನಾ ಬಗ್ಗೆ ಬರೆಯೋರೆಲ್ಲ "ಬೊಂಬಾಯಿ ಗವರ್ನರ್‌ಗಿಂತ ಹೆಚ್ಚು ಸಂಬಳ" ಅಂತ ಕಡ್ಡಾಯವಾಗಿ ಹಾಕ್ತಾರೆ. ಅವರ ಸಂಬಳ ತಿಂಗಳಿಗೆ 5,000 ರೂಪಾಯಿ ಅಂತಲೂ ಅದೇ ಲೇಖನದಲ್ಲಿ ಬರೀತಾರೆ. 1935ರ ಭಾರತ ಸರ್ಕಾರ ಕಾಯಿದೆಯ ಪರಿಶಿಷ್ಟದಲ್ಲಿ ಬೊಂಬಾಯಿ ಗವರ್ನರ್‌ಗೆ ವರ್ಷಕ್ಕೆ 1,20,000 ರೂಪಾಯಿ. ತಿಂಗಳಿಗೆ 10,000 ಆಯ್ತು. ಭತ್ಯೆ, ಬಂಗಲೆ ಬೇರೆ. ಎರಡೂ ಮಾತು ಒಟ್ಟಿಗೆ ನಿಜ ಆಗೋಕೆ ಸಾಧ್ಯವೇ ಇಲ್ಲ.

ಗಿರಗಾಂವ್ ವಾಸಿ:
@ಲೆಕ್ಕದ ಪುಸ್ತಕ ಗವರ್ನರ್ ಮಾತು ಪ್ರಚಾರದವರ ಕೈಚಳಕ ಇರಬೇಕು. ಆದರೆ 5,000ವೇ ಸಣ್ಣದಲ್ಲ ಸ್ವಾಮಿ. ಅದೂ ತಿಂಗಳ ಸಂಬಳ, ಚಿತ್ರಕ್ಕೊಂದು ಲೆಕ್ಕ ಅಲ್ಲ. ಆಗ ನಟನಟಿಯರು ಗಿರಣಿ ಕೆಲಸದವರ ಹಾಗೆ ಕಂಪನಿಯ ಹಾಜರಿ ಪುಸ್ತಕದಲ್ಲಿದ್ದವರು. ಬಾಯಿಯವರ ಷೆವರ್ಲೆ ಕಾರು ಊರಿಗೆಲ್ಲ ಗೊತ್ತಿತ್ತು.

ಸಂಶಯ ಶಾಸ್ತ್ರಿ:
ಸರಿ, ಗಿರಗಾಂವ್ ಅವರ ಹಾಜರಿ ಪುಸ್ತಕದ ಮಾತನ್ನೇ ಹಿಡ್ಕೊಳ್ತೀನಿ. 1936ರ ತನಕ ಗೆದ್ದರು ಅಂತಲೇ ಇಟ್ಕೊಳ್ಳೋಣ. ಆಮೇಲೆ ಯಾಕೆ ಕುಸಿದರು? ಭಾಷೆ ಕಾರಣ ಅಲ್ಲ ಅಂದರೆ ಬೇರೆ ಏನಾದರೂ ಹೇಳಬೇಕಲ್ಲ.

ರೀಲುಸುತ್ತಿ:
ಹೇಳ್ತೀನಿ, ಇದೇ ನನ್ನ ಮುಖ್ಯ ಮಾತು. ಸುಲೋಚನಾ ಕಂಪನಿ ಕಾಲದ ತಾರೆ. ಅವರ ಎಲ್ಲ ಬಲವೂ ಇಂಪೀರಿಯಲ್ ಅನ್ನೋ ಒಂದೇ ಕಂಬಕ್ಕೆ ಒರಗಿತ್ತು. 1928ರಲ್ಲಿ ಆ ಕಂಬ ಎಷ್ಟು ಗಟ್ಟಿ ಇತ್ತು ನೋಡಿ. ಲಾಹೋರಿನ ಗ್ರೇಟ್ ಈಸ್ಟರ್ನ್ ಕಂಪನಿ ಇಮ್ತಿಯಾಜ್ ಅಲಿ ತಾಜ್ ಅವರ ನಾಟಕ ಹಿಡಿದುಕೊಂಡು, ಸೀತಾದೇವಿಯನ್ನ ಹಾಕಿಕೊಂಡು ದೊಡ್ಡ ಖರ್ಚಿನಲ್ಲಿ ಅನಾರ್ಕಲಿ ಕಥೆ ತೆಗೀತಿತ್ತು. ಇಂಪೀರಿಯಲ್‌ನವರು ಆರ್.ಎಸ್. ಚೌಧರಿ ಕೈಲಿ ದಡಬಡ ತಮ್ಮ 'ಅನಾರ್ಕಲಿ' ಮುಗಿಸಿ, ಮೊದಲೇ ತೆರೆಗೆ ತಂದುಬಿಟ್ಟರು. ಗೆದ್ದಿದ್ದು ಇದೇ. ತಾರೆ, ನಿರ್ದೇಶಕ, ಲ್ಯಾಬು, ಥಿಯೇಟರ್ ಸಂಪರ್ಕ ಎಲ್ಲ ಒಂದೇ ಸೂರಿನಡಿ ಇದ್ದಿದ್ದರಿಂದ ಆದ ಕೆಲಸ ಅದು. ಆಮೇಲೆ ಗಾಂಧೀಜಿ ಖಾದಿ ಪ್ರದರ್ಶನ ಉದ್ಘಾಟನೆ ಮಾಡೋ ಕಿರುಚಿತ್ರದ ಜೊತೆಗೆ 'ಮಾಧುರಿ'ಯ ಸುಲೋಚನಾ ಕುಣಿತಕ್ಕೆ ಸದ್ದು ಕೂಡಿಸಿ ತೋರಿಸಿದರಂತೆ. ಗಾಂಧೀಜಿ ಪಕ್ಕಕ್ಕೆ ಸುಲೋಚನಾ! ಅಂಥ ತಾಕತ್ತು.

1938ರ ಹೊತ್ತಿಗೆ ಇಂಪೀರಿಯಲ್ ಬಾಗಿಲು ಹಾಕಿತು. ಅಷ್ಟರಲ್ಲಿ ರುಚಿಯೂ ಬದಲಾಗಿತ್ತು. ಕಲ್ಕತ್ತಾದಿಂದ ನ್ಯೂ ಥಿಯೇಟರ್ಸ್, ಪುಣೆಯಿಂದ ಪ್ರಭಾತ್, ಮಲಾಡ್‌ನಿಂದ ಬಾಂಬೆ ಟಾಕೀಸ್. ಬಾಂಬೆ ಟಾಕೀಸ್‌ನ 'ಅಛೂತ್ ಕನ್ಯಾ' 1936ರದ್ದು, ಬಿಲ್ಲಿ ಬಂದ ವರ್ಷವೇ. ಎರಡನ್ನೂ ಒಂದೇ ವಾರ ನೋಡಿದ ಪ್ರೇಕ್ಷಕನಿಗೆ ಯಾವುದು ಹಳೇದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಜೊತೆಗೆ 1933ರಿಂದ 1939ರ ತನಕ ಅವರು ಡಿ. ಬಿಲ್ಲಿಮೋರಿಯಾ ಬಿಟ್ಟು ಬೇರೆ ನಾಯಕನ ಜೊತೆ ಮಾಡಲೇ ಇಲ್ಲ. ಜೋಡಿ ಮುರಿದಾಗ ಇಬ್ಬರದ್ದೂ ಒಟ್ಟಿಗೇ ಇಳಿಯಿತು. ಬಿಲ್ಲಿಮೋರಿಯಾಗೆ ಹಿಂದೂಸ್ತಾನಿ ಬರ್ತಿರಲಿಲ್ಲ ಅಂತ ಯಾರಾದರೂ ಹೇಳಿದ್ದು ಕೇಳಿದೀರಾ? ಇಲ್ಲ. ಗಂಡಸು ಇಳಿದರೆ ಕಾಲ ಬದಲಾಯ್ತು ಅಂತೀವಿ, ಹೆಂಗಸು ಇಳಿದರೆ ನಾಲಿಗೆ ಸರಿ ಇರಲಿಲ್ಲ ಅಂತೀವಿ.

ಒಂಟಿಕೊಪ್ಪಲು:
ಕೊನೇ ಸಾಲಿಗೆ ನನ್ನದೂ ಒಂದು ಸಹಿ. ಆದರೆ ರೂಬಿ ಪಿಕ್ಸ್ ಅಂತ ಸ್ವಂತ ಕಂಪನಿಯನ್ನೂ ಅವರು ಮೂವತ್ತರ ದಶಕದ ನಡುವೆ ಮಾಡಿಕೊಂಡಿದ್ದರು, ಅದನ್ನ ಬಿಟ್ಟಿರಿ. ಪೂರಾ ಇಂಪೀರಿಯಲ್ ನೆರಳಿನಲ್ಲೇ ಕೂತಿದ್ದವರಲ್ಲ.

ಧಾರವಾಡದಾಂವ:
ಮುಂದ ಏನ್ ಆತ್ರಿ ಅವರಿಗೆ? ಕಥಿ ಅರ್ಧಕ್ಕ ನಿಲ್ಲಿಸಬ್ಯಾಡ್ರಿ.

ಗಿರಗಾಂವ್ ವಾಸಿ:
ಸಣ್ಣಪುಟ್ಟ ಪಾತ್ರಗಳು. ಅದರಲ್ಲೂ ಗದ್ದಲ ತಪ್ಪಲಿಲ್ಲ. ದಿಲೀಪ್ ಕುಮಾರ್, ನೂರ್‌ಜಹಾನ್ ಇದ್ದ 'ಜುಗ್ನು' (1947) ಚಿತ್ರಕ್ಕೆ ಬೊಂಬಾಯಿ ಸರ್ಕಾರ ತಡೆ ಹಾಕಿತು. ಗೃಹಮಂತ್ರಿ ಮೊರಾರ್ಜಿ ದೇಸಾಯಿ. ಆಕ್ಷೇಪಗಳಲ್ಲಿ ಒಂದು, ವಯಸ್ಸಾದ ಪ್ರೊಫೆಸರ್ ಒಬ್ಬರು ಸುಲೋಚನಾ ಪಾತ್ರದ ಮೇಲೆ ಮನಸ್ಸು ಮಾಡ್ತಾರೆ ಅನ್ನೋದು. ನಲವತ್ತರ ಹೆಂಗಸನ್ನ ಒಬ್ಬ ಇಷ್ಟಪಟ್ಟರೆ ಅದೇ ನೀತಿಗೇಡು!

1953ರಲ್ಲಿ ಫಿಲ್ಮಿಸ್ತಾನದ 'ಅನಾರ್ಕಲಿ'. ಬೀನಾ ರಾಯ್ ಅನಾರ್ಕಲಿ, ಪ್ರದೀಪ್ ಕುಮಾರ್ ಸಲೀಂ. ಎರಡು ಸಲ ತಾವೇ ಅನಾರ್ಕಲಿಯಾಗಿದ್ದವರು ಈ ಸಲ ಸಲೀಮನ ತಾಯಿ. ನಿರ್ದೇಶಕ ನಂದಲಾಲ್ ಜಸವಂತಲಾಲ್, 1934ರಲ್ಲಿ ಅವರ 'ಇಂದಿರಾ ಎಂ.ಎ.' ಮಾಡಿದ್ದವರೇ. 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೇ ಬಂತು. ಆ ಪ್ರಶಸ್ತಿ ಮೊಟ್ಟಮೊದಲು ಬಂದಿದ್ದು ದೇವಿಕಾ ರಾಣಿಗೆ, 1969ನೇ ಸಾಲಿಗೆ. ಬೆಂಗಳೂರಿನವರಿಗೆ ತಾತಗುಣಿ ಎಸ್ಟೇಟಿನ ದೇವಿಕಾ ರಾಣಿ ಗೊತ್ತು, ಅಷ್ಟೇ ತೂಕದ ಈ ಹೆಸರು ಗೊತ್ತಿಲ್ಲ. 1983ರ ಅಕ್ಟೋಬರ್ 10ಕ್ಕೆ ಮುಂಬಯಿಯಲ್ಲೇ ತೀರಿಕೊಂಡರು.

ಕುಡ್ಲದ ಕಿಟ್ಟಣ್ಣ:
ಇಷ್ಟೆಲ್ಲ ಮಾತಾಡಿದ್ದು ಸರಿ, ಅವರ ಒಂದಾದರೂ ಮೂಕಿಯನ್ನ ನೋಡ್ಲಿಕ್ಕೆ ಸಿಗ್ತದಾ? ವೈಲ್ಡ್‌ಕ್ಯಾಟಿನ ಆ ಎಂಟು ವೇಷ ನೋಡುವ ಆಸೆ ನನಗೆ.

ರೀಲುಸುತ್ತಿ:
ಆಸೆ ಬಿಡಿ ಕಿಟ್ಟಣ್ಣ. ನಮ್ಮ ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಮೂಕಿಗಳು ಬಂದವು, ಉಳಿದಿದ್ದು ಕೆಲವೇ ಹತ್ತು, ಅದರಲ್ಲೂ ಎಷ್ಟೋ ಬರೀ ತುಂಡು. ನೈಟ್ರೇಟ್ ಫಿಲ್ಮು, ಕಿಡಿ ಬಿದ್ದರೆ ಭಗ್ ಅಂತ ಹತ್ತಿಕೊಳ್ಳುತ್ತೆ, ಇಟ್ಟಲ್ಲೇ ಕೊಳೆಯುತ್ತೆ. ಓಡಿ ಮುಗಿದ ಪ್ರಿಂಟಿನಿಂದ ಬೆಳ್ಳಿ ತೆಗೆದು ಮಾರಿಕೊಂಡವರೂ ಇದ್ದರು. ಪುಣೆಯಲ್ಲಿ ಫಿಲ್ಮ್ ಆರ್ಕೈವ್ ಶುರುವಾಗಿದ್ದೇ 1964ರಲ್ಲಿ, ಅಷ್ಟು ಹೊತ್ತಿಗೆ ಆಲಂ ಆರಾದ ಪ್ರಿಂಟೂ ಸಿಗದ ಸ್ಥಿತಿ. ಅವರು ಓಡಾಡೋದನ್ನ, ಮಾತಾಡೋದನ್ನ ನೋಡಬೇಕಂದರೆ 1953ರ ಅನಾರ್ಕಲಿ ಸುಲಭವಾಗಿ ಸಿಗುತ್ತೆ. ಬಾಸು ಚಟರ್ಜಿಯವರ 'ಖಟ್ಟಾ ಮೀಠಾ' (1978) ಚಿತ್ರದಲ್ಲೂ ಇದ್ದಾರೆ.

ಸಂಶಯ ಶಾಸ್ತ್ರಿ:
1953ರದ್ದನ್ನ ಈಗಷ್ಟೇ ತೆಗೆದು ಅವರ ಭಾಗ ನೋಡಿದೆ. ಉಚ್ಚಾರ ತಕರಾರಿಲ್ಲದೆ ಇದೆ, ಭಾಷೆಯ ಮಾತನ್ನ ನಾನು ಇನ್ನು ಎತ್ತೋದಿಲ್ಲ. ಆದರೆ ಕಂಪನಿ ಮುಚ್ಚಿದ್ದಕ್ಕೇ ಕುಸಿದರು ಅನ್ನೋದನ್ನ ಒಪ್ಪೋಕೆ ಆಗ್ತಿಲ್ಲ. ರಂಜಿತ್ ಮುಚ್ಚಿರಲಿಲ್ಲ, ಆದರೂ ಗೋಹರ್ ಅದೇ ಹೊತ್ತಿಗೆ ನಟನೆಯಿಂದ ಸರಿದರು. ಜುಬೇದಾಗಂತೂ ಭಾಷೆ, ಮೊದಲ ಟಾಕಿಯ ಹೆಸರು ಎರಡೂ ಇತ್ತು, ಅವರೂ ಮೂವತ್ತರ ದಶಕ ಮುಗಿಯೋ ಹೊತ್ತಿಗೆ ಹಿನ್ನೆಲೆಗೆ ಹೋದರು. ಮೂವರಿಗೂ ಹೊಂದೋ ಕಾರಣ ಇದ್ದರೆ ಹೇಳಿ, ಇಂಪೀರಿಯಲ್ ಒಂದನ್ನೇ ಹಿಡ್ಕೊಂಡರೆ ಸಾಲದು.

ಒಂಟಿಕೊಪ್ಪಲು:
@ಸಂಶಯ ಶಾಸ್ತ್ರಿ ಮೂವರ ಪಕ್ಕಕ್ಕೆ ದುರ್ಗಾ ಖೋಟೆಯನ್ನ ಇಟ್ಟು ನೋಡಿ. 1932ರಲ್ಲಿ ಪ್ರಭಾತ್‌ನ 'ಅಯೋಧ್ಯೇಚಾ ರಾಜಾ'ದಲ್ಲಿ ತಾರಾಮತಿ. ಒಂದೇ ಕಂಪನಿಗೆ ಕಟ್ಟುಬೀಳದೆ ಪ್ರಭಾತ್, ನ್ಯೂ ಥಿಯೇಟರ್ಸ್ ಅಂತ ಓಡಾಡಿದರು, ತಾವೇ ಹಾಡಿದರು, ಬೇಗ ತಾಯಿ ಪಾತ್ರಕ್ಕೂ ಇಳಿದರು. ದಶಕಗಟ್ಟಲೆ ಉಳಿದರು. ನಿಮ್ಮ ಮೂವರಲ್ಲಿ ಈ ಮೂರನ್ನೂ ಮಾಡಿದವರು ಯಾರಾದರೂ ಇದ್ದಾರಾ, ಅಲ್ಲಿಂದ ಶುರುಮಾಡೋಣ.